ತಲೆನೋವಿನ ಮಾತು ಗೈಡ್‌ಗೆ ಹೇಳಬೇಡ

ಮರಂಗು
ಜೂನ್ 3, 1984

ಯೋನಾ,

ಹನ್ನೆರಡು ವರ್ಷದ ಹಿಂದಿನ ಆ ಒಂದು ರಾತ್ರಿ ನನಗೆ ಎಷ್ಟಕ್ಕೆ ಬಿತ್ತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ನಿನ್ನ ಕಾಗದದ ವಿಷಯ ಆಮೇಲೆ. ಕಿಲಿಮಂಜಾರೊದ ತುದಿ ಮುಟ್ಟದೆ ಇಳಿದ ಜರ್ಮನರು ಐದು ಮಂದಿ. ಅವರನ್ನು ಕಳಿಸಿದ್ದ ಹೋಟೆಲಿನವರು ಮುಂದಿನ ಎರಡು ಸೀಸನ್ ನನ್ನ ಅಂಗಳಕ್ಕೆ ಕಾಲಿಡಲಿಲ್ಲ. ಗಡಿಬಿಡಿಯಲ್ಲಿ ಜಲ್ಲಿಯ ಇಳಿಜಾರಿನಲ್ಲಿ ಉರುಳಿಹೋದ ಸ್ಟೌ ಒಂದು, ಹೊಚ್ಚ ಹೊಸದು. ‘ಎಲಿಫಾಸಿ ಹತ್ತಿಸಿದರೆ ತುದಿ ಗ್ಯಾರಂಟಿ’ ಎಂದು ಮೋಶಿಯವರೆಗೆ ಓಡಾಡುತ್ತಿದ್ದ ಮಾತು ಒಂದು. ಆಮೇಲೆ ನೀನು. ನಿನ್ನನ್ನು ನಷ್ಟಕ್ಕೆ ಸೇರಿಸಬೇಕೋ ಲಾಭಕ್ಕೋ ತಿಳಿಯದೆ ಆ ಜಾಗ ಖಾಲಿ ಬಿಟ್ಟಿದ್ದೇನೆ.

ಮರೆತಿದ್ದರೆ ನೆನಪಿಸುತ್ತೇನೆ. ನಾನು ಹೊಟ್ಟೆ ಕೆಟ್ಟು ಕೆಳಗಿನ ಮಂದಾರಾ ಗುಡಿಸಲಲ್ಲೇ ಉಳಿದಿದ್ದೆ. ಇಡೀ ತಂಡ ನಿನ್ನ ಕೈಯಲ್ಲಿತ್ತು. ಗುಹೆಯ ಹತ್ತಿರ, ಇನ್ನು ಅರ್ಧ ರಾತ್ರಿಯ ದಾರಿ ಇರುವಾಗ, ಒಬ್ಬನ ಕೆಮ್ಮು ಸರಿಯಿಲ್ಲ ಎಂದು ಐವರನ್ನೂ ತಿರುಗಿಸಿಕೊಂಡು ಬಂದೆ. ಕೆಮ್ಮಿದವನೇ ಮಾರನೆಯ ದಿನ ಮಂದಾರಾ ಗುಡಿಸಲಲ್ಲಿ ಎದೆ ಬಡಿದುಕೊಂಡು, “ನನಗೇನಾಗಿತ್ತು? ಚೆನ್ನಾಗೇ ಇದ್ದೆನಲ್ಲ!” ಎಂದು ಕೂಗಾಡಿದ. ನನ್ನ ಹೆಸರು ಕೆಡಿಸಲು ಪಕ್ಕದ ಹೋಟೆಲಿನವರು ಎಷ್ಟು ಕೊಟ್ಟರೋ ಎಂದು ಹೊರೆಯಾಳುಗಳೆಲ್ಲರ ಎದುರು ನಿನ್ನನ್ನು ಕೇಳಿದೆ. ನೀನು ಬಾಯಿ ಬಿಡಲಿಲ್ಲ. ಟೋಪಿ ಹಾಕಿಕೊಂಡು ಇಳಿದುಹೋದೆ, ಹೆಂಡತಿ ಮಗಳನ್ನು ಕಟ್ಟಿಕೊಂಡು ಟಾಂಗಾದ ಕತ್ತಾಳೆ ತೋಟ ಸೇರಿದೆ.

ಈಗ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಾಗದ! ‘ಮಗಳು ಐಕಾ ಬೆಟ್ಟ ಹತ್ತಬೇಕೆಂದಿದ್ದಾಳೆ. ಗೈಡ್ ಜೊತೆ ಹತ್ತುವವರು ತಿಳಿದಿರಬೇಕಾದದ್ದನ್ನು ದಯವಿಟ್ಟು ಬರೆದು ತಿಳಿಸಬೇಕು.’ ದಯವಿಟ್ಟು! ಕಿಲಿಮಂಜಾರೊವನ್ನು ಕಣ್ಣು ಮುಚ್ಚಿಕೊಂಡು ಹತ್ತಿ ಇಳಿಯುತ್ತಿದ್ದ ಯೋನಾ ಕಿಮಾರೊ, ಬೆಟ್ಟ ಹತ್ತುವುದು ಹೇಗೆ ಎಂದು ನನ್ನನ್ನು ಕೇಳುತ್ತಾನೆ. ತಪ್ಪಾಯಿತು ಅನ್ನುವುದಿದ್ದರೆ ಕಾಗದವಲ್ಲ, ಗಂಟು ಹಾಕಿದ ಇಸಾಲೆ ಎಲೆ ಬರಬೇಕಿತ್ತು. ಲಕೋಟೆಯನ್ನು ಬೋರಲು ಹಾಕಿ ಕೊಡವಿ ನೋಡಿದೆ. ಎಲೆ ಇರಲಿಲ್ಲ.

ಹಾಗಾದರೆ ಇದು ವ್ಯಾಪಾರ. ನೀನು ಯಾವುದೋ ಹೋಟೆಲಿನವರ ಜೊತೆ ಸೇರಿ ಹೊಸ ಕಂಪನಿ ತೆರೆಯುತ್ತಿದ್ದೀಯ. ನನ್ನ ತಲೆಯಲ್ಲಿರುವುದನ್ನು ಇಳಿಸಿಕೊಂಡು, ಅಚ್ಚು ಹಾಕಿಸಿ, ಮೋಶಿ ನಿಲ್ದಾಣದಲ್ಲಿ ಬಿಳಿಯರಿಗೆ ಹಂಚುತ್ತೀಯ. ಹಂಚು. ಹೇಗೂ ನನ್ನ ಬಾಯಿ ಸುಮ್ಮನಿರುವುದಿಲ್ಲ ಎಂದು ತಿಳಿದೇ ಕೇಳಿದ್ದೀಯ.

ಬರೆದುಕೋ. ಬೆಟ್ಟಕ್ಕೆ ಹೊಸ ಬೂಟು ಬೇಡ. ಹೊಸದೇ ಆದರೆ ಈಗಿನಿಂದಲೇ ಹಾಕಿಕೊಂಡು ಮಾರ್ಕೆಟ್ಟಿಗೆ ಓಡಾಡಲಿ. ಹೊರಡುವ ಹಿಂದಿನ ದಿನ ಕಾಲಿನ ಉಗುರು ಗಿಡ್ಡಕ್ಕೆ ಕತ್ತರಿಸಲಿ, ಇಲ್ಲದಿದ್ದರೆ ಇಳಿಯುವಾಗ ಹೆಬ್ಬೆರಳು ಕಪ್ಪಾಗುತ್ತದೆ. ಮೈಗೆ ಹತ್ತಿಬಟ್ಟೆ ತಾಕಬಾರದು. ಬೆವರು ಕುಡಿದು ಬೆನ್ನ ಮೇಲೆ ಮಂಜುಗಡ್ಡೆಯಾಗಿ ಕೂರುತ್ತದೆ. ಉಣ್ಣೆ, ಅದರ ಮೇಲೆ ಉಣ್ಣೆ, ಅದರ ಮೇಲೆ ಗಾಳಿ ತಡೆಯುವಂಥದ್ದು. ಅಂಗಡಿಯಲ್ಲಿ ಸೋಪೇ ಸಿಗದ ಕಾಲದಲ್ಲಿ ಉಣ್ಣೆ ಎಲ್ಲಿಂದ ಅನ್ನಬೇಡ, ಮಿಷನ್ ಆಸ್ಪತ್ರೆಯ ಸಿಸ್ಟರ್‌ಗಳ ಹತ್ತಿರ ಇರುತ್ತದೆ. ಹಸಿವಿಲ್ಲದಿದ್ದರೂ ಉಣ್ಣಬೇಕು, ಬಾಯಾರದಿದ್ದರೂ ಕುಡಿಯಬೇಕು. ಮತ್ತೆ ನಿಧಾನ. ಮುದುಕಿಯೊಬ್ಬಳು ಬಾಳೆಗೊನೆ ಹೊತ್ತು ಏರು ಹತ್ತುವಾಗ ಹೇಗೆ ಹತ್ತುತ್ತಾಳೋ ಹಾಗೆ.

ನಿನಗೆ ಗೊತ್ತಿಲ್ಲದ್ದು ಇದರಲ್ಲಿ ಯಾವುದಿದೆ, ಹೇಳು?

ಎಲಿಫಾಸಿ ಮ್ಟುಯಿ


ಟಾಂಗಾ
ಜುಲೈ 1, 1984

ಅಣ್ಣ ಎಲಿಫಾಸಿಗೆ,

ನಿನ್ನ ಕಾಗದ ತಲುಪಿತು. ನನ್ನ ಬಲಗೈಗೆ ನೋವಾಗಿರುವುದರಿಂದ ಮಗಳ ಕೈಯಲ್ಲಿ ಬರೆಸುತ್ತಿದ್ದೇನೆ. ನಾನು ಯಾವ ಕಂಪನಿಯನ್ನೂ ತೆರೆಯುತ್ತಿಲ್ಲ. ಐಕಾ ಇಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಸೆಪ್ಟೆಂಬರಿನಲ್ಲಿ ರಜೆ ಸಿಗುತ್ತದೆ.

ಉಗುರಿನ ವಿಷಯ ಬಹಳ ಉಪಯೋಗವಾಯಿತು. ಗೈಡನ್ನು ಆರಿಸುವುದು ಹೇಗೆ, ಅವನ ಜೊತೆ ಹೇಗೆ ನಡೆದುಕೊಳ್ಳಬೇಕು, ಕೊನೆಯ ರಾತ್ರಿ ಏನು ಮಾಡಬೇಕು ಎಂಬುದನ್ನೂ ತಿಳಿಸು. ಇನ್ನೊಂದು ಮಾತು. ಆ ರಾತ್ರಿ ನಾನು ಹಣ ತೆಗೆದುಕೊಂಡೆ ಎಂದು ನೀನು ನಿಜವಾಗಿಯೂ ನಂಬಿದ್ದೀಯಾ?

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಾನೂ ಚೆನ್ನಾಗಿದ್ದೇನೆ.

ನಿನ್ನ
ಯೋನಾ ಕಿಮಾರೊ


ಮರಂಗು
ಜುಲೈ 22, 1984

ಯೋನಾ,

ನಿನ್ನ ಕಾಗದವನ್ನು ಊಟಕ್ಕೆ ಮುಂಚೆ ಒಮ್ಮೆ ಓದಿದೆ, ಊಟವಾದ ಮೇಲೆ ಒಮ್ಮೆ. ಎರಡು ಸಲವೂ ಅದೇ ವಾಸನೆ.

‘ಅಣ್ಣ’ ಅಂತೆ. ನೀನು ನನ್ನನ್ನು ಏನೆಂದು ಕರೆಯುತ್ತಿದ್ದೆ ಎಂಬುದು ನಿನಗೂ ಗೊತ್ತು, ನನಗೂ ಗೊತ್ತು. ಅದು ಅಣ್ಣ ಅಲ್ಲ. ಬಿಳಿಯರ ಎದುರು ಕೂಡ ಹಾಗೆ ಕರೆದು ನಗುತ್ತಿದ್ದೆ. ಇನ್ನು ‘ಉಪಯೋಗವಾಯಿತು’. ಉಗುರಿನ ವಿಷಯವನ್ನು ನನಗೆ ಕಲಿಸಿದವನೇ ನೀನು. ಮೊದಲ ಸೀಸನ್ನಿನಲ್ಲಿ ನನ್ನ ಕಪ್ಪು ಹೆಬ್ಬೆರಳು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕವನು. ನೀನೇ ಬೇಯಿಸಿದ್ದನ್ನು ನಿನಗೇ ಬಡಿಸಿದೆ, ರುಚಿಯಾಗಿದೆ ಎಂದೆ.

ಎಲ್ಲಕ್ಕಿಂತ ಹೆಚ್ಚಾಗಿ, ‘ನಾನೂ ಚೆನ್ನಾಗಿದ್ದೇನೆ’. ಯಾರೂ ಕೇಳದೆ ಚೆನ್ನಾಗಿದ್ದೇನೆ ಅನ್ನುವವನನ್ನು ಕಂಡರೆ ಗೈಡ್‌ಗೆ ಏನನ್ನಿಸುತ್ತದೆ? ಹಗ್ಗ ಕಟ್ಟಿ ಇಳಿಸಬೇಕೆನ್ನಿಸುತ್ತದೆ.

ಹಣದ ಮಾತು ಕೇಳಿದ್ದೀಯ. ನಂಬಿದ್ದೇನೆ. ಅಲ್ಲ ಎಂದು ನೀನು ಅಂದೇ ಒಂದು ಮಾತು ಆಡಿದ್ದರೆ ನಂಬುತ್ತಿರಲಿಲ್ಲ.

ಮೊನ್ನೆ ಹೆಂಡತಿ ಮರಿಯಾಳಿಗೂ ಕಾಗದ ತೋರಿಸಿದೆ. “ಅನುಮಾನ ಇದ್ರೆ ಟಾಂಗಾಕ್ಕೇ ಹೋಗಿ ನೋಡ್ಕೊಂಡ್ ಬಾ,” ಅಂದಳು.

“ಅವನ ಮನೆ ಬಾಗ್ಲಿಗೆ ನಾನ್ಯಾಕ್ ಹೋಗ್ಲಿ?”

“ಹಾಗಾದ್ರೆ ಬಾಯ್ ಮುಚ್ಕೊಂಡು ಬಾಳೆಕಾಯಿ ಸುಲಿ.”

ಸುಲಿದೆ. ಆಮೇಲೆ ಇದನ್ನು ಬರೆಯಲು ಕೂತೆ. ಬರೆಯುತ್ತಿರುವವನು ನೀನೋ, ನಿನ್ನ ಹೆಸರಿಟ್ಟುಕೊಂಡ ಯಾವ ಹೋಟೆಲಿನ ಗುಮಾಸ್ತನೋ, ಯಾರಾದರೂ ಆಗಲಿ, ತೆಗೆದುಕೋ.

ಗೈಡನ್ನು ಆರಿಸುವಾಗ ಅವನ ಸರ್ಟಿಫಿಕೇಟು ನೋಡಬೇಡ, ಹೊರೆಯಾಳುಗಳ ಕಾಲು ನೋಡು. ಅವರ ಕಾಲಿಗೆ ಬೂಟು ಹಾಕಿಸದವನು ನಿನ್ನ ಕಾಲಿನ ಚಿಂತೆ ಮಾಡುವುದಿಲ್ಲ. ತುದಿ ಗ್ಯಾರಂಟಿ ಅನ್ನುವವನ ಹತ್ತಿರ ಹೋಗಬೇಡ. (ನಾನು ಅನ್ನುತ್ತಿದ್ದೆ, ಹೌದು.) ಹತ್ತುವಾಗ ಅವನ ಮುಂದೆ ಹೋಗಬಾರದು, ಅವನ ಹೆಜ್ಜೆಯಲ್ಲೇ ಹೆಜ್ಜೆ. ಕೊನೆಯ ತಂಗುದಾಣ ಕಿಬೊ ಗುಡಿಸಲಲ್ಲಿ ನಿದ್ದೆ ಬರುವುದಿಲ್ಲ, ಬರಲೆಂದು ಕಾಯಲೂ ಬೇಡ, ಮಲಗಿದ್ದರೆ ಸಾಕು. ಟಾರ್ಚಿನ ಬ್ಯಾಟರಿ ಕಂಕುಳಲ್ಲಿಟ್ಟುಕೊಂಡು ಮಲಗಬೇಕು. ಹೊರಡುವುದು ಸರಿರಾತ್ರಿಗೆ, ಏಕೆಂದರೆ ಜಲ್ಲಿ ಹೆಪ್ಪುಗಟ್ಟಿ ಕಾಲಿಗೆ ಹಿಡಿತ ಕೊಡುತ್ತದೆ. ಬಿಸಿಲೇರಿದರೆ ಎರಡು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ. ನೀರಿನ ಬಾಟಲಿ ತಲೆಕೆಳಗು ಮಾಡಿ ಇಡು. ಮಂಜುಗಡ್ಡೆ ಮೇಲಿನಿಂದ ಕಟ್ಟುತ್ತದೆ, ಬಾಯಿ ಕೆಳಗಿದ್ದರೆ ಕುಡಿಯಲು ಸಿಗುತ್ತದೆ. ತೀರಾ ಚಳಿ ಬೆಳಗಿನ ಜಾವಕ್ಕೆ ಸ್ವಲ್ಪ ಮೊದಲು. ಬಿಟ್ಟು ಹೋಗೋಣ ಅನ್ನಿಸುವುದೂ ಆಗಲೇ.

ಇನ್ನೊಂದು, ಬಹಳ ಮುಖ್ಯವಾದದ್ದು. ಮೇಲೆ ತಲೆ ನೋಯಲು ಶುರುವಾದರೆ ಗೈಡ್‌ಗೆ ಹೇಳಬೇಡ. ಹೇಳಿದರೆ ಇಳಿಸಿಬಿಡುತ್ತಾನೆ, ಪಟ್ಟ ಶ್ರಮವೆಲ್ಲ ದಂಡ. ಎರಡು ಮಾತ್ರೆ ನುಂಗಿ ಚೆನ್ನಾಗಿದ್ದೇನೆ ಅನ್ನು. ಬೆಳಕಾದ ಮೇಲೆ ತಾನೇ ಹೋಗುತ್ತದೆ.

ಎಲಿಫಾಸಿ ಮ್ಟುಯಿ


ಟಾಂಗಾ
ಆಗಸ್ಟ್ 30, 1984

ಎಲಿಫಾಸಿ,

ಎಲ್ಲ ಸಲಹೆಗಳನ್ನೂ ಐಕಾ ಎರಡೆರಡು ಸಲ ಓದಿಕೊಂಡಿದ್ದಾಳೆ. ಬಾಟಲಿಯ ವಿಷಯ ಅವಳಿಗೆ ಬಹಳ ಹಿಡಿಸಿತು, ಮಕ್ಕಳಿಗೆ ಪಾಠ ಮಾಡುತ್ತಾಳಂತೆ. ತಲೆನೋವಿನ ಗುಟ್ಟು ಹೇಳಿದ್ದಕ್ಕೆ ವಿಶೇಷ ವಂದನೆ. ಅಂಥದ್ದನ್ನು ಅನುಭವಸ್ಥರು ಮಾತ್ರ ಹೇಳಬಲ್ಲರು. ಫೌಸ್ಟಿನಿ ಎಂಬ ಗೈಡ್ ಗೊತ್ತಾಗಿದ್ದಾನೆ, ಅವನ ಹೊರೆಯಾಳುಗಳ ಕಾಲಲ್ಲಿ ಬೂಟು ಇದೆಯಂತೆ. ಸೆಪ್ಟೆಂಬರ್ ಹನ್ನೆರಡಕ್ಕೆ ಹತ್ತುತ್ತಾಳೆ.

ವಂದನೆಗಳೊಂದಿಗೆ
ಯೋನಾ ಕಿಮಾರೊ


ಮಂದಾರಾ ಗುಡಿಸಲು
ಸೆಪ್ಟೆಂಬರ್ 13, ಸಂಜೆ

ಐಕಾ,

ಇದನ್ನು ತಂದವನು ಲಾಜಾರೊ, ನನ್ನ ಹಳೆಯ ಹೊರೆಯಾಳು. ನಿಂತಲ್ಲೇ ಓದು.

ತಲೆ ನೋಯುತ್ತಿದ್ದರೆ ಈಗಲೇ, ಈ ಸಾಲು ಮುಗಿಸುವ ಮೊದಲೇ, ಫೌಸ್ಟಿನಿಗೆ ಹೇಳು. ವಾಂತಿ, ಕೆಮ್ಮು, ತೂರಾಡುವುದು, ಯಾವುದಿದ್ದರೂ ಹೇಳು. ನಾನು ಬರೆದದ್ದು ಸುಳ್ಳು. ಬೆಟ್ಟದ ಮೊದಲ ನಿಯಮವೇ ಅದರ ತದ್ವಿರುದ್ಧ. ಮೇಲಿನ ತಲೆನೋವು ಮಾತ್ರೆಗೆ ಹೋಗುವುದಿಲ್ಲ, ಇಳಿದರೆ ಹೋಗುತ್ತದೆ. ಮುಚ್ಚಿಟ್ಟುಕೊಂಡು ಹತ್ತಿದವರನ್ನು ನಾನು ಹೊತ್ತು ಇಳಿಸಿದ್ದೇನೆ, ಎಲ್ಲರನ್ನೂ ಜೀವಂತವಾಗಿ ಅಲ್ಲ.

ನಿಮ್ಮಪ್ಪ ಆ ಸಾಲನ್ನು ಓದಿದ್ದರೆ ಅದೇ ದಿನ ಬಸ್ಸು ಹತ್ತಿ ಬಂದು ನನ್ನ ಕುತ್ತಿಗೆ ಹಿಡಿಯುತ್ತಿದ್ದ. ಹಿಡಿಯಲಿ ಎಂದೇ ಬರೆದೆ. ಹಿಡಿಯದಿದ್ದರೆ ಕಾಗದ ಬರೆಯುವವನು ಹೋಟೆಲಿನ ಗುಮಾಸ್ತ ಎಂದು ಗೊತ್ತಾಗುತ್ತದೆ ಎಂದುಕೊಂಡೆ. ಮಗಳೊಬ್ಬಳು ನಿಜವಾಗಿಯೂ ಇದ್ದಾಳೆ ಎಂದು ನಂಬಿರಲಿಲ್ಲ. ವಂದನೆ ಹೇಳಿದ ಕಾಗದ ಕಂಡಕ್ಟರನ ಟೊಮೇಟೊ ಬುಟ್ಟಿಯ ಕೆಳಗೆ ಬಿದ್ದಿದ್ದು ಇವತ್ತು ಬೆಳಿಗ್ಗೆ ಕೈಗೆ ಬಂತು. ಗೇಟಿಗೆ ಓಡಿದೆ. “ನಿನ್ನೆ ಹೋದ್ಲಲ್ಲ,” ಅಂದ ಅಲ್ಲಿನವನು. “ಯೋನಾನ ಮೂಗೇ ಕಣಯ್ಯ, ಕೇಳೋದೇ ಬೇಡ.”

ನನ್ನ ಮೊಣಕಾಲು ಇಲ್ಲಿಗೆ ನಿಂತಿತು. ಲಾಜಾರೊ ಬೆಳಕು ಹರಿಯುವ ಮೊದಲು ಹೊರಡುತ್ತಾನೆ. ನೀನು ಯಾರ ಹೆಸರಲ್ಲಿ ಏನು ಬರೆದೆ ಎಂಬುದರ ವಿಚಾರಣೆ ಆಮೇಲೆ. ಫೌಸ್ಟಿನಿಗೆ ಹೇಳು.

ಎಲಿಫಾಸಿ


ಮರಂಗು
ಸೆಪ್ಟೆಂಬರ್ 17, 1984

ದೊಡ್ಡಪ್ಪನಿಗೆ ನಮಸ್ಕಾರ.

ಇದನ್ನು ನಿಮ್ಮ ಮನೆಯ ಜಗಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಮರಿಯಾ ದೊಡ್ಡಮ್ಮ ಬಾಳೆಹಣ್ಣಿನ ಬಿಯರ್ ಕೊಟ್ಟು, “ಅವರು ಮಲಗಿದಾರಮ್ಮ, ಎದ್ದ್ ಮೇಲೆ ಕೊಡ್ತೀನಿ,” ಅಂದರು. ನೀವು ಒಳಗೆ ಗೊರಕೆ ಹೊಡೆಯುತ್ತಿದ್ದೀರಿ. ಮೂವತ್ತೈದು ಮಕ್ಕಳ ತರಗತಿ ನೋಡಿಕೊಳ್ಳುವವಳು ನಾನು. ನಿಜವಾದ ಗೊರಕೆ ಅಷ್ಟು ತಾಳಕ್ಕೆ ಬರುವುದಿಲ್ಲ. ಆದರೂ ಬರೆದೇ ಹೇಳುತ್ತೇನೆ. ನಮಗಿಬ್ಬರಿಗೂ ಅದೇ ಅಭ್ಯಾಸವಾಗಿದೆ.

ತಲೆನೋವು ನಡುವಿನ ಹೊರೊಂಬೊ ಗುಡಿಸಲಿನಲ್ಲೇ ಶುರುವಾಗಿತ್ತು. ನೀವು ಹೇಳಿದಂತೆ ಮಾತ್ರೆ ನುಂಗಿದೆ. ಕಿಬೊದಲ್ಲಿ ಬಂಡೆಯ ಹಿಂದೆ ಹೋಗಿ ವಾಂತಿ ಮಾಡಿ, ಮೇಲೆ ಜಲ್ಲಿ ಎಳೆದೆ. ಫೌಸ್ಟಿನಿ ಮತ್ತೆ ಮತ್ತೆ ಟಾರ್ಚ್ ಹಿಡಿದು ಮುಖ ನೋಡುತ್ತಿದ್ದ. “ಹೇಗಿದೀರ, ಟೀಚರ್?” “ಚೆನ್ನಾಗಿದೀನಿ.” ಗುಹೆಯ ಹತ್ತಿರ ನನ್ನ ಎಡಗಾಲು ಹೇಳಿದ ಕಡೆ ಬೀಳುತ್ತಿರಲಿಲ್ಲ. ಆಗ ಕೆಳಗಿನಿಂದ ಒಂದು ದೀಪ, ಬೈಗುಳದ ಜೊತೆ. ಕಿಬೊಗೆ ಬಂದು ನಾವಾಗಲೇ ಹೊರಟೆವೆಂದು ಕೇಳಿ, ಲಾಜಾರೊ ಕೂರದೆ ಹಾಗೇ ಹತ್ತಿದ್ದ.

“ಆ ಮುದುಕಂಗೆ ಹೇಳು, ನಂಗೊಂದು ಕಂಬಳಿ ಬರ್ಬೇಕು. ಅವನ್ದೇ. ಹಳೇದ್ ಕೊಟ್ರೆ ತಗೊಳಲ್ಲ,” ಎಂದು ನಿಮ್ಮ ಕಾಗದ ಕೈಗಿಟ್ಟ.

ಓದಿದೆ. ಹೇಳಿದೆ. ಫೌಸ್ಟಿನಿ ಬೈಯಲಿಲ್ಲ, ನನ್ನ ಚೀಲ ಬಿಚ್ಚಿ ತನ್ನ ಹೆಗಲಿಗೆ ಹಾಕಿಕೊಂಡ.

“ನಂಗಾಗ್ಲೇ ಅನುಮಾನ ಇತ್ತು. ಸ್ಕೂಲ್ ಟೀಚರ್ ಸುಳ್ಳು ಹೇಳಲ್ಲ ಅಂತ ಸುಮ್ನಿದ್ದೆ, ನಂದೇ ತಪ್ಪು. ಏಳಮ್ಮ, ಇಳಿಯೋಣ. ನಿಮ್ಮಪ್ಪ ತಿರುಗಿಸಿದ್ದೂ ಇದೇ ಜಾಗದಿಂದ.”

ಅಂದು ಅವನು ನಿಮ್ಮ ತಂಡದ ಹೊರೆಯಾಳಾಗಿದ್ದನಂತೆ. ಇಳಿಯುತ್ತಾ ಹೇಳಿದ. ಅಪ್ಪ ಆ ಜರ್ಮನನ ಬೆನ್ನಿಗೆ ಕಿವಿ ಇಟ್ಟು ಕೇಳಿದರಂತೆ. ಒಳಗೆ ನೀರು ಕುದಿಯುವ ಹಾಗೆ ಗೊರಗೊರ ಸದ್ದು. ಕಂಬಳಿಯಲ್ಲಿ ಹೊತ್ತು ಇಳಿಸಲು ಎಲ್ಲ ಆಳುಗಳೂ ಬೇಕಾದರು, ಅದಕ್ಕೇ ಐವರೂ ಇಳಿಯಬೇಕಾಯಿತು. ಮಂದಾರಾಕ್ಕೆ ಬರುವಷ್ಟರಲ್ಲಿ ಇಳಿದ ಕಾರಣಕ್ಕೇ ಅವನು ಚೇತರಿಸಿಕೊಂಡಿದ್ದ, ಚೇತರಿಸಿಕೊಂಡ ಕಾರಣಕ್ಕೇ ಕೂಗಾಡಿದ. “ಇದನ್ನ ಎಲಿಫಾಸಿಗೆ ಯಾಕ್ ಹೇಳ್ಲಿಲ್ಲ ನೀನು?” ಎಂದು ಕೇಳಿದೆ. “ಅವ್ರು ಎಲ್ ಕೇಳಿದ್ರು? ಎಷ್ಟ್ ಕೊಟ್ರು ಅಂತ ಮಾತ್ರ ಕೇಳಿದ್ರು,” ಅಂದ.

ಈಗ ನನ್ನ ವಿಚಾರಣೆ. ಫೆಬ್ರವರಿಯಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಇಲ್ಲ, ಮಾತು ಇಲ್ಲ. ಟಾಂಗಾದಲ್ಲಿರುವ ನಮ್ಮ ಕಡೆಯವರು ನೋಡಲು ಬಂದು, ಬಾಗಿಲಾಚೆ ಹೋದ ಕೂಡಲೇ, ‘ತಿಂದ ಹಣದ ಫಲ’ ಅಂದದ್ದು ನನ್ನ ಕಿವಿಗೆ ಬಿತ್ತು. ಅಪ್ಪನನ್ನು ಕೇಳುವ ಹಾಗಿರಲಿಲ್ಲ. ಇನ್ನು ಗೊತ್ತಿದ್ದವರು ನೀವೊಬ್ಬರೇ. ನನ್ನ ಹೆಸರಲ್ಲಿ ಬರೆದರೆ ಎರಡು ಸಾಲು ಸಮಾಧಾನ ಬರೆದು ಮುಗಿಸುತ್ತೀರಿ, ಅಪ್ಪನ ಹೆಸರಲ್ಲಿ ಬರೆದರೆ ಜಗಳವಾಡುತ್ತೀರಿ, ಜಗಳದಲ್ಲಿ ನಿಜ ಹೊರಬೀಳುತ್ತದೆ ಎಂದುಕೊಂಡೆ. ಆ ಗುಹೆಯನ್ನು ನೋಡಬೇಕೆಂಬುದು ಮಾತ್ರ ಮೊದಲಿಂದಲೂ ನಿಜ.

ನೀವು ನನ್ನನ್ನು ನಂಬಲಿಲ್ಲ. ನಾನೂ ನಿಮ್ಮನ್ನು ನಂಬಿರಲಿಲ್ಲ, ತಲೆನೋವಿನ ಮಾತೊಂದನ್ನು ಬಿಟ್ಟು.

ಐಕಾ


ಮರಂಗು
ಸೆಪ್ಟೆಂಬರ್ 29, 1984

ಐಕಾ,

ಗೊರಕೆಯ ವಿಷಯ ಒಪ್ಪಿದೆ. ಲಾಜಾರೊ ಇಳಿದು ಬಂದು ಅರ್ಧ ಕತೆ ಆಗಲೇ ಹೇಳಿದ್ದ, ನಿನ್ನ ಮುಖ ನೋಡುವ ಮೊದಲು ಫೌಸ್ಟಿನಿಯನ್ನು ಒಮ್ಮೆ ಕೇಳಬೇಕಿತ್ತು. ನಿನ್ನ ಮಾತಿನ ಮೇಲೆ ಅನುಮಾನ ಎಂದಲ್ಲ. ಅನುಮಾನವೇ ಎಂದಿಟ್ಟುಕೋ.

ನೀನು ಬಸ್ಸು ಹತ್ತಿದ ಮಾರನೆಯ ದಿನ ಅವನನ್ನು ಕರೆಸಿದೆ. ನೀನು ಬರೆದದ್ದನ್ನೇ ಹೇಳಿದ. ಕೊನೆಗೆ, “ಇನ್ನೊಂದಿದೆ,” ಅಂದ. “ಆ ಸ್ಟೌ ತಾನಾಗಿ ಉರುಳಿದ್ದಲ್ಲ. ನಾನೇ ಬಿಸಾಕಿದ್ದು. ಮನುಷ್ಯನ್ನ ಹೊರೋಕೆ ಭುಜ ಖಾಲಿ ಬೇಕಿತ್ತು.” ಹನ್ನೆರಡು ವರ್ಷ ಅದನ್ನು ನಿಮ್ಮಪ್ಪನ ತಲೆಗೆ ಕಟ್ಟಿದ್ದೆ.

ಲಕೋಟೆಯೊಳಗೆ ಗಂಟು ಹಾಕಿದ ಇಸಾಲೆ ಎಲೆ ಇದೆ, ನಮ್ಮ ಬೇಲಿಯದೇ. ಟಾಂಗಾದಲ್ಲಿ ಬೆಳೆದವಳು ನೀನು, ತಿಳಿದಿದೆಯೋ ಇಲ್ಲವೋ: ಕೊಲೆ ಮಾಡಿದವನೇ ಈ ಎಲೆ ಕಳಿಸಿದರೂ ನಮ್ಮಲ್ಲಿ ಯಾರೂ ಬೇಡ ಅನ್ನುವ ಹಾಗಿಲ್ಲ. ಅವನ ಕಡೆಯಿಂದ ಬರುತ್ತದೆ ಎಂದು ಹನ್ನೆರಡು ವರ್ಷ ಬೇಲಿಯ ಈಚೆ ಕಾದಿದ್ದೆ. ಜೊತೆಯ ಚೀಟಿಯಲ್ಲಿ ನಿಮ್ಮಪ್ಪ ಹಣ ಮುಟ್ಟಲಿಲ್ಲ ಎಂದು ಬರೆದು ಸಹಿ ಹಾಕಿದ್ದೇನೆ. ಅದನ್ನು ನಿಮ್ಮ ಟಾಂಗಾದ ನೆಂಟರೆದುರು ಗಟ್ಟಿಯಾಗಿ ಓದು, ಬಾಗಿಲಾಚೆ ಇರುವವರಿಗೂ ಕೇಳಿಸಲಿ.

ಎಲೆಯನ್ನು ಮೇಜಿನ ಮೇಲೆ ಇಡಬೇಡ, ಅವನ ಎಡಗೈಗೆ ಕೊಡು. ಕಣ್ಣು ಮುಚ್ಚಿ ನಿದ್ದೆ ಬಂದವನ ಹಾಗೆ ಮಾಡಬಹುದು. ಆ ವಿದ್ಯೆ ನನಗೊಬ್ಬನಿಗೇ ಬರುವುದಲ್ಲ. ಬೆರಳು ಮುಚ್ಚುತ್ತದೆಯೇ ನೋಡು. ಏನಾಯಿತು ಎಂದು ಬರೆ, ನಿನ್ನ ಹೆಸರಿನಲ್ಲೇ ಬರೆ.

ಎಲಿಫಾಸಿ ದೊಡ್ಡಪ್ಪ


ಟಾಂಗಾ
ಅಕ್ಟೋಬರ್ 8, 1984

ದೊಡ್ಡಪ್ಪನಿಗೆ,

ಚೀಟಿ ಓದಿದೆ. ಕಿಟಕಿ ತೆರೆದಿಟ್ಟೇ ಓದಿದೆ.

ಎಲೆ ಅರ್ಧ ಬಾಡಿತ್ತು. ನೀವು ಹೇಳಿದ ಹಾಗೆಯೇ ಅಪ್ಪ ಕಣ್ಣು ಮುಚ್ಚಿಕೊಂಡರು. ಅಂಗೈ ಮೇಲಿಟ್ಟು ಕಾದೆ. ಬಹಳ ಹೊತ್ತು ಏನೂ ಆಗಲಿಲ್ಲ. ಅಮ್ಮ, “ತೆಗಿಯೇ, ಯಾಕ್ ಅವರ್‌ನ ನೋಯಿಸ್ತೀಯ,” ಅಂದಳು. ತೆಗೆಯಲು ಹೋದೆ, ಬರಲಿಲ್ಲ. ಹಿಡಿದಿದ್ದರು.

ಆಮೇಲೆ ಒಂದು ಮಾತಾಡಿದರು. ಫೆಬ್ರವರಿಯಿಂದ ಇದೇ ಮೊದಲನೆಯದು. ನಾಲಿಗೆ ಹೊರಳಲಿಲ್ಲ, ಎರಡನೇ ಸಲಕ್ಕೆ ಸ್ಪಷ್ಟವಾಯಿತು. ‘ಬಡಾಯಿ’ ಅಂದರು. ಬಾಯಿಯ ಒಂದು ಮೂಲೆ ನಕ್ಕ ಹಾಗಿತ್ತು. ಯಾರನ್ನು ಬೈದದ್ದು ಎಂದು ನನಗೆ ತಿಳಿಯಲಿಲ್ಲ. ನೀವು ಬೇಸರ ಮಾಡಿಕೊಳ್ಳಬಾರದು.

ಐಕಾ


ಮರಂಗು
ಅಕ್ಟೋಬರ್ 16, 1984

ಐಕಾ,

ಬೇಸರವಿಲ್ಲ. ಯಾರನ್ನು ಎಂದು ನನಗೆ ಗೊತ್ತು. ಕೂಡಿಸಿ ಬರೆದು ಮುಗಿಸುತ್ತೇನೆ, ಅವನಿಗೆ ಓದಿ ಹೇಳು.

ಲಾಜಾರೊಗೆ ನನ್ನ ಕಂಬಳಿ, ಹೊಸದು, ಚಳಿ ನನಗೆ. ಫೌಸ್ಟಿನಿಗೆ ಜೀವಂತ ಇಳಿದ ಗಿರಾಕಿ ಒಬ್ಬಳು, ಮನಸ್ಸಿನಿಂದ ಇಳಿದ ಸ್ಟೌ ಒಂದು. ಮರಿಯಾಳಿಗೆ ಮೊಣಕಾಲು ಕಟ್ಟಿಕೊಂಡು ದಿನವಿಡೀ ಮನೆಯಲ್ಲಿ ಮಾತಾಡುತ್ತಾ ಕೂತ ಗಂಡ. ಅದು ಲಾಭವಲ್ಲ ಎನ್ನುತ್ತಾಳೆ. ನಿನಗೆ ತುದಿ ಇಲ್ಲ; ನನ್ನ ಸಹಿ ಇರುವ ಚೀಟಿ ಇದೆ. ಯೋನಾಗೆ ಬಾಡಿದ ಎಲೆ ಒಂದು.

ನನಗೆ ನನ್ನ ಹಳೆಯ ಹೆಸರು.

ಬಡಾಯಿ